ಬ್ಯಾಂಡ್ ಬಿಟ್ಟ ಬಸ್ಯಾನ ಮೂರು ಆಲ್ಬಮ್ಮು

ರೆಕಾರ್ಡಿಂಗ್ ಕೆಲಸಕ್ಕೆ ಬರಲು ಹೊರಟಿರುವ ಹುಡುಗ ಹುಡುಗಿಯರೇ, ಈ ಕೆಲಸಕ್ಕೆ ಒಳ್ಳೆಯ ಕಿವಿ ಬೇಕು ಎಂದು ನಿಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಸುಳ್ಳು. ಮೊದಲು ಬೇಕಾದದ್ದು ಗಟ್ಟಿ ಮೂತ್ರಕೋಶ. ಹಾಡುವವರು ಬೆಳಗಿನಿಂದ ಗಂಟಲು ಕೆರೆದು, ಚಹಾ ಕುಡಿದು, ಫೋನಿನಲ್ಲಿ ಹೆಂಡತಿಯ ಮೇಲೆ ಕೂಗಾಡಿ, ಕೊನೆಗೊಮ್ಮೆ ಹದಕ್ಕೆ ಬರುವುದು ಸರಿಯಾಗಿ ನಿಮಗೆ ಎದ್ದು ಹೋಗಬೇಕು ಅನ್ನಿಸಿದಾಗಲೇ. ಎದ್ದಿರೋ, ಆ ಹದ ಮತ್ತೆ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸ್ಟುಡಿಯೋದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಪಕ್ಕದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಓಡಬೇಕಿತ್ತು. ಆ ಪುಣ್ಯಾತ್ಮ ನನ್ನ ಹಲ್ಲನ್ನು ಒಮ್ಮೆಯೂ ನೋಡಲಿಲ್ಲ, ಆದರೆ ಪ್ರತಿ ಹಬ್ಬಕ್ಕೂ ನನ್ನ ಕೈಯ ಹೋಳಿಗೆ ತಿಂದ.

ನಾನು ಸುಮಂಗಲಾ. ಬೀದರ್ ಕಡೆಯವಳು. ಅಪ್ಪ ಇಲ್ಲಿ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದ ಒಂದು ಸ್ಟುಡಿಯೋ ಸೇರಿ, ಅಲ್ಲಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡು ಹೊರಗೆ ಬಂದೆ. ಸ್ಟೇಷನ್ನಿನ ಹಿಂದೆ ಸ್ಟುಡಿಯೋ ಕಟ್ಟಿದವನ ಬುದ್ಧಿಗೆ ನಮಸ್ಕಾರ. ರೈಲು ಹೊರಟಾಗಲೆಲ್ಲ ನೆಲ ಗುಂಯ್ ಎನ್ನುತ್ತಿತ್ತು. ಎಂಥೆಂಥ ದೊಡ್ಡ ವಿದ್ವಾಂಸರನ್ನೂ ಆಲಾಪದ ನಡುವೆ ನಿಲ್ಲಿಸಿ, "ಗಾಡಿ ಹೋಗ್ಲಿ ತಡೀರಿ" ಎಂದು ಹೇಳುವ ಭಾಗ್ಯ ನನ್ನದಾಗಿತ್ತು.

ಕಟ್ಟಿದವರು ನಮ್ಮ ಮಾಲೀಕರು, ರಾವ್ ಗಾರು. ಜಿಪುಣತನದಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಟೇಪಿನ ಕಾಲದಲ್ಲಿ ಹಳೆಯ ಟೇಪನ್ನೇ ತಿರುಗಿಸಿ ತಿರುಗಿಸಿ ಬಳಸುತ್ತಿದ್ದರು. ಒಮ್ಮೆ ಒಬ್ಬ ಸ್ವಾಮಿಗಳ ಪ್ರವಚನವನ್ನು ಸೊಳ್ಳೆಬತ್ತಿಯ ಜಾಹೀರಾತಿದ್ದ ಟೇಪಿನ ಮೇಲೆ ತುಂಬಿಸಿ, ಕ್ಯಾಸೆಟ್ ಮಾಡಿಸಿ ಕಳಿಸಿದರು. ಬಿಡುಗಡೆಯ ದಿನ ಫಂಕ್ಷನ್ ಹಾಲ್‌ನಲ್ಲಿ ಭಕ್ತರು ಕಣ್ಣು ಮುಚ್ಚಿ ಕೂತಿದ್ದಾರೆ. ಸ್ವಾಮಿಗಳು ದೇಹ ನಶ್ವರ ಎಂದು ಮುಗಿಸಿದರು. ಎರಡು ಉಸಿರಿನಷ್ಟು ಮೌನ. ಆಮೇಲೆ ಕಂಚಿನ ಕಂಠವೊಂದು, ಇನ್ನು ಮುಂದೆ ನಿಮ್ಮ ಮನೆಯಲ್ಲಿ ಒಂದೂ ಉಳಿಯುವುದಿಲ್ಲ ಎಂದು ಸಾರಿತು. ಭಕ್ತರು ಕೈ ಮುಗಿದರು. ಸ್ವಾಮಿಗಳು ಮಾತ್ರ ನಮ್ಮ ರಾವ್ ಗಾರು ಅವರ ಕಡೆ ನೋಡಿದ ನೋಟ ಇದೆಯಲ್ಲ, ಅಬ್ಬಬ್ಬಾ. ಆವತ್ತಿನಿಂದ ಹೊಸ ಟೇಪು ಬಂತು.

ಇಂಥ ರಾವ್ ಗಾರು ನನಗೆ ಕಲಿಸಿದ ಮೊದಲ ಪಾಠ: ರೆಕಾರ್ಡಿಸ್ಟ್ ಬಾಯಿ ಬಿಡಬಾರದು. ದನಿ ಒಡೆಯಿತು, ಮೈಕಿನಿಂದ ದೂರ ಹೋದಿರಿ, ಕಾಗದ ಪರಪರ ಅಂತು, ಇಷ್ಟು ಹೇಳಬಹುದು. ಹಾಡು ಚೆನ್ನಾಗಿದೆಯೋ ಇಲ್ಲವೋ ಹೇಳುವ ಹಕ್ಕು ನಿನಗಿಲ್ಲ. "ಅಮ್ಮಾ, ಅದು ಅವರ ಮಗು. ಕುರೂಪ ಇದ್ರೂ ನೀನು ಫೋಟೋ ಮಾತ್ರ ತೆಗಿ" ಎನ್ನುತ್ತಿದ್ದರು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. ನಾನು ಈ ಪಾಠವನ್ನು ಸರ್ವಿಸ್ ಪೂರ್ತಿ ಪಾಲಿಸಿದೆ. ಒಬ್ಬನ ವಿಷಯದಲ್ಲಿ ಬಿಟ್ಟು.

ಅವನು ಬಸವರಾಜ. ಪೋಸ್ಟರಿನಲ್ಲಿ 'ಬ್ಯಾಝ್'. ಮನೆಯಲ್ಲಿ, ನನ್ನ ಬಾಯಲ್ಲಿ, ಬಸ್ಯಾ. ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ನಮ್ಮ ಸಾಲಿನಲ್ಲೇ ಬೆಳೆದವನು. ಅವನೂ ಅವನ ಗೆಳೆಯರೂ ಸೇರಿ ಕಟ್ಟಿದ ರಾಕ್ ಬ್ಯಾಂಡಿನ ಹೆಸರು 'ಜನರಲ್ ಶಿಫ್ಟ್'. ಅಪ್ಪಂದಿರು ಜನರಲ್ ಶಿಫ್ಟಿಗೆ, ಅಂದರೆ ಹಗಲಿನ ಪಾಳಿಗೆ, ಹೋದಾಗ ಮಾತ್ರ ಮನೆಯಲ್ಲಿ ಗಿಟಾರ್ ಬಡಿಯಲು ಸಾಧ್ಯವಿತ್ತು, ಅದಕ್ಕೆ ಆ ಹೆಸರು. ಬಸ್ಯಾ ಹಾಡುತ್ತಿದ್ದ. ಬೇಸ್ ಗಿಟಾರ್ ಖಲೀಲ್‌ನದು. ಅವನೂ ಬೀದರ್‌ನವನೇ, ಮಾತು ಕಡಿಮೆ, ಮೂಗಿನ ತುದಿಯಲ್ಲೇ ಸಿಟ್ಟು. ಬ್ಯಾಂಡ್ ನಡೆಯುತ್ತಿದ್ದದ್ದು ಅವನಿಂದಲೇ. ಬಸ್ಯಾ ಎಲ್ಲಿಯಾದರೂ ಅತಿ ಮಾಡಿದರೆ ಖಲೀಲ್ ನುಡಿಸುವುದನ್ನು ನಿಲ್ಲಿಸಿ ಸುಮ್ಮನೆ ಅವನನ್ನು ನೋಡುತ್ತಿದ್ದ. ಅಷ್ಟೇ. ಬಸ್ಯಾ ತಲೆ ಕೆರೆದುಕೊಂಡು ಮತ್ತೆ ಮೊದಲಿಂದ ಹಾಡುತ್ತಿದ್ದ.

ಅವರ ಹಾಡುಗಳನ್ನು ರೆಕಾರ್ಡ್ ಮಾಡಿದವಳು ನಾನೇ. ದಖ್ಖನಿ ಹಿಂದಿಯ ಪದ, ಕಿವಿ ಕಿತ್ತುಹೋಗುವ ಸದ್ದು. ಹೈದರಾಬಾದಿನ ಕಾಲೇಜುಗಳಲ್ಲಿ ಅವರಿಲ್ಲದೆ ಒಂದು ಫೆಸ್ಟ್ ನಡೆಯುತ್ತಿರಲಿಲ್ಲ. ಬಸ್ಯಾ ಅಂಗಿ ಬಿಚ್ಚಿದರೆ ಹುಡುಗಿಯರು ಚೀರುತ್ತಿದ್ದರು. ಆ ಎದೆಗೂಡಿನಲ್ಲಿ ಚೀರುವಂಥದ್ದು ಏನಿತ್ತೋ ದೇವರೇ ಬಲ್ಲ.

ಬ್ಯಾಂಡ್ ಒಡೆದದ್ದು ಒಂದು ಪೋಸ್ಟರಿನಿಂದ. ಅದರಲ್ಲಿ ಬಸ್ಯಾನ ಮುಖ ಎಮ್ಮೆಯಷ್ಟು, ಉಳಿದವರದು ಅಂಚೆ ಚೀಟಿಯಷ್ಟು. ಮಾಡಿಸಿದವನು ಅವನಲ್ಲ. ಆದರೆ ನೋಡಿ ಖುಷಿಪಟ್ಟದ್ದನ್ನು ಖಲೀಲ್ ನೋಡಿಬಿಟ್ಟ. ಮಾತಿಗೆ ಮಾತು ಹತ್ತಿತು. ನಮ್ಮ ಸ್ಟುಡಿಯೋದಲ್ಲೇ, ರಾವ್ ಗಾರು ಅವರ ಪಂಚಾಯಿತಿಯಲ್ಲೇ, ತೀರ್ಮಾನವಾಯಿತು: ಬ್ಯಾಂಡಿನ ಹೆಸರೂ ಹಳೆಯ ಹಾಡುಗಳೂ ಬ್ಯಾಂಡಿನವು. ಬಿಟ್ಟು ಹೋಗುವ ಬಸ್ಯಾ ಅವನ್ನು ಎಲ್ಲಿಯೂ ಹಾಡುವಂತಿಲ್ಲ. "ನನಗ ಏನ್ ಕಮ್ಮಿ? ಇನ್ನೂ ನೂರು ಹಾಡ್ತೀನಿ" ಎಂದು ಬಾಗಿಲು ದಡಾರನೆ ಹಾಕಿಕೊಂಡು ಹೋದ. ಅದು ಸೌಂಡ್‌ಪ್ರೂಫ್ ಬಾಗಿಲು. ಸದ್ದೇ ಬರಲಿಲ್ಲ, ಪಾಪ.

ಆಮೇಲೆ ಶುರುವಾಯಿತು ಅವನ ಫಜೀತಿ. ಎಲ್ಲಿ ಹೋದರೂ ಜನ ಕೂಗುವುದು ಬ್ಯಾಂಡಿನ ಹಾಡುಗಳಿಗೇ. ಇವನು ಹೊಸದೊಂದು ಶುರು ಮಾಡಿದರೆ ಸಮೋಸಾ ತರಲು ಎದ್ದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತ.

"ಅಕ್ಕಾ, ನನಗ ಒಂದ ಒಂದು ಹಾಡು ಬೇಕ್ರಿ. ನಂದು ಅನ್ನೂದು. ಮಂದಿ ಅದನ್ನ ಕೇಳಿ, 'ಒನ್ಸ್ ಮೋರ್' ಅಂತ ಕೂಗಬೇಕು. ಅಷ್ಟಾದ್ರ ಸಾಕು, ಸತ್ರೂ ಚಿಂತಿಲ್ಲ."

"ಸಾಯೂದು ಆಮ್ಯಾಲ. ಮೊದಲ ಚಹಾ ಕುಡಿ" ಎಂದೆ. ಆದರೆ ಅವನ ಕಣ್ಣು ನೋಡಿದರೆ ತಮಾಷೆಯಾಗಿರಲಿಲ್ಲ.

ಮೊದಲ ಆಲ್ಬಮ್ಮಿಗೆ ತನ್ನದೇ ಹೆಸರಿಟ್ಟ. ಅದರಲ್ಲಿ ಗಿಟಾರ್ ಅವನದು, ಡ್ರಮ್ ಅವನದು, ಹಿಂದೆ ಕೋರಸ್ ಹಾಡುವವರೂ ಅವನೇ. ಹೊಸ ಕಂಪ್ಯೂಟರ್ ಬಂದಿತ್ತಲ್ಲ, ಎಷ್ಟು ಬೇಕಾದರೂ ಪದರ ಹಾಕಬಹುದು. ಟೇಪಿನ ಕಾಲದಲ್ಲಿ ಜಾಗವಿಲ್ಲ ಎಂಬ ಕಾರಣಕ್ಕೇ ಎಷ್ಟೋ ಜನರ ಮರ್ಯಾದೆ ಉಳಿದಿತ್ತು. ಈಗ ಅದೂ ಹೋಯಿತು. ಒಂದು ಬಸ್ಯಾನ ಮೇಲೆ ಇನ್ನೊಂದು ಬಸ್ಯಾ, ಅವನ ಮೇಲೆ ಮತ್ತೊಬ್ಬ. ಜಾತ್ರೆಗೆ ಹೊರಟ ಟೆಂಪೋದ ಹಾಗೆ ಹಾಡು ತುಂಬಿ, ಕೈಕಾಲು ಹೊರಗೆ ಚಾಚಿಕೊಂಡಿತು.

ಹೆಡ್‌ಫೋನಿನದೇ ಇನ್ನೊಂದು ಕಥೆ. ಹಾಡುವವರ ಹೆಡ್‌ಫೋನಿನಲ್ಲಿ ಏನು ಎಷ್ಟು ಕೇಳಬೇಕು ಎನ್ನುವುದನ್ನು ನಾವು ಗಾಜಿನ ಈಚೆಯ ನಮ್ಮ ಕೋಣೆಯಿಂದ ಹೊಂದಿಸಿ ಕೊಡುತ್ತೇವೆ. ಬ್ಯಾಂಡಿನಲ್ಲಿದ್ದಾಗ ಬಸ್ಯಾ, "ಖಲೀಲ್‌ಂದು ಜಾಸ್ತಿ ಕೊಡ್ರಿ, ನನ್ನದು ಸ್ವಲ್ಪ ಸಾಕು" ಎನ್ನುತ್ತಿದ್ದ. ಈಗ?

"ಅಕ್ಕಾ, ನನ್ನ ದನಿ ಇನ್ನಷ್ಟು ಕೊಡ್ರಿ."

ಕೊಟ್ಟೆ.

"ಇನ್ನೂ."

"ಕಿವಿ ಹರದ್ ಹೋಗ್ತಾವೋ ಯಪ್ಪಾ."

"ಹೋಗ್ಲಿ ಬಿಡ್ರಿ. ನನಗ ನಾನ ಕೇಳಸವಲ್ಲೆ."

ಇದನ್ನು ಬರೆದಿಟ್ಟುಕೊಳ್ಳಿ ಮಕ್ಕಳೇ: ತನ್ನ ದನಿಯೇ ಕಿವಿ ತುಂಬಿದವನು ಗಂಟಲು ಬಿಚ್ಚುವುದಿಲ್ಲ, ಶ್ರುತಿಯೂ ಕೆಳಗೆ ಜಾರುತ್ತದೆ. ಅವನದೂ ಜಾರಿತು. ಕಂಪ್ಯೂಟರಿನಲ್ಲಿ ಎತ್ತಿ ನಿಲ್ಲಿಸಿದೆವು. ಶ್ರುತಿ ಸರಿಹೋಯಿತು, ಮನುಷ್ಯ ಮಾಯವಾದ. ಅವನು ಕರೆದುತಂದಿದ್ದ ಹಿಂಬಾಲಕರು ಸೋಫಾದಲ್ಲಿ ಕೂತು "ಸೂಪರ್ ಅಣ್ಣಾ, ಕಿರಾಕ್ ಅಣ್ಣಾ" ಎಂದು ಬೆಣ್ಣೆ ಹಚ್ಚಿದ್ದೇ ಹಚ್ಚಿದ್ದು. ನುಡಿಸುವುದನ್ನು ನಿಲ್ಲಿಸಿ ಮುಖ ನೋಡುವ ಖಲೀಲ್ ಇರಲಿಲ್ಲ. ನಾನು ರಾವ್ ಗಾರು ಅವರ ಪಾಠದಂತೆ ಕುರೂಪಿ ಮಗುವಿನ ಫೋಟೋ ತೆಗೆದೆ.

ದಿಲ್‌ಸುಖ್‌ನಗರದ ಒಂದು ಮಾಲಿನಲ್ಲಿ ಬಿಡುಗಡೆ ಇಟ್ಟ. ಕೋಚಿಂಗ್ ಸೆಂಟರಿನ ಹುಡುಗರು ಎಸ್ಕಲೇಟರಿನ ಹತ್ತಿರ ನಿಂತು ಕೇಳಿದರು. ಮೂರನೇ ಹಾಡಿಗೆ ಒಬ್ಬ ಬ್ಯಾಂಡಿನ ಹಳೆಯ ಹಾಡಿನ ಹೆಸರು ಕೂಗಿದ. ಎಲ್ಲರೂ ಕೂಗಿದರು. ಬಸ್ಯಾ ನಗುತ್ತಾ ತಲೆ ಅಲ್ಲಾಡಿಸಿದ. ಹಾಡುವುದಕ್ಕೆ ಬರುವುದಿಲ್ಲವೇನೋ ಅಂದುಕೊಂಡು ಅವರು ಬಸ್ಸು ಹಿಡಿಯಲು ಹೋದರು.

ಎರಡನೆಯದು ಇನ್ನೂ ಮಜಾ. ಯಾರೋ ಒಬ್ಬ ಬುದ್ಧಿವಂತ ಅವನಿಗೆ, "ನಿನ್ನ ಬೇರಿಗೆ ಹೋಗು" ಎಂದು ಕಿವಿಯೂದಿದ್ದ. ತಗೋ, ಆಲ್ಬಮ್ ಪೂರ್ತಿ ಕನ್ನಡದಲ್ಲಿ ಎಂದ. ಬೇರು ಹುಡುಕಲು ದೂರ ಹೋಗಲಿಲ್ಲ. ತಾರ್ನಾಕದ ತನ್ನ ಮನೆಯ ಹತ್ತಿರ ಕಟ್ಟಡ ಏಳುತ್ತಿತ್ತು, ಅಲ್ಲಿ ಯಾದಗಿರಿ ಕಡೆಯ ಹೆಣ್ಣುಮಕ್ಕಳು ಕೆಲಸಕ್ಕಿದ್ದರು. ನನ್ನನ್ನೂ ಮೈಕನ್ನೂ ಕರೆದುಕೊಂಡು ಊಟದ ಹೊತ್ತಿಗೆ ಅಲ್ಲಿಗೆ ಹೋದ. "ಯವ್ವಾ, ನಿಮ್ಮೂರ ಹಾಡು ಒಂದು ಹಾಡ್ರಿ" ಎಂದು ಕೈ ಜೋಡಿಸಿದ. ಅವರು ಮುಖ ಮುಖ ನೋಡಿಕೊಂಡು, ಸೆರಗು ಬಾಯಿಗಿಟ್ಟು ನಕ್ಕು, ಆ ವಾರ ಬಿಡುಗಡೆಯಾಗಿದ್ದ ತೆಲುಗು ಸಿನೆಮಾದ ಹಾಡು ಹಾಡಿದರು. ಕುಣಿದೂ ತೋರಿಸಿದರು.

"ಇದಲ್ರೀ, ಹಳೇವು, ಬೀಸುವಾಗಿನವು" ಎಂದ ಬಸ್ಯಾ.

ಒಬ್ಬಾಕೆ ರೊಟ್ಟಿ ಮುರಿಯುತ್ತಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೋ ತಮ್ಮಾ, ನಾವೇನ್ ಬೀಸಾಕತ್ತೀವೇನ್ ಇಲ್ಲಿ? ಗಿರಣಿ ಇಲ್ಲೇನ್ ನಿಮ್ಮೂರಾಗ?"

ನಾನು ನಗು ತಡೆಯಲಾಗದೆ ಮರಳಿನ ರಾಶಿಯ ಹಿಂದೆ ಹೋದೆ. ಕೊನೆಗೆ ಅವನೇ ಪದ ಬರೆದ. ಮನೆಯಲ್ಲಿ ಮಾತಾಡುವ ಕನ್ನಡ ಬಿಟ್ಟು, ಎಲ್ಲಿಂದಲೋ ಹುಡುಕಿ ತಂದ ಮಣ್ಣು, ಕಣ್ಣು, ಹಣತೆ ಇವನ್ನೇ ಹೊಸೆದ. ಆಲ್ಬಮ್ ಕೇಳಿಸಿದಾಗ ಅವನ ತಾಯಿ ನಿಂಗವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಪೂರ್ತಿ ಕೇಳಿ, ನನ್ನ ಕಡೆ ತಿರುಗಿ, "ಚಲೋ ಐತಿ. ಯಾರವ ಇವ, ಮರಾಠಿಯಾಂವೇನು? ಕನ್ನಡ ಭಾಳ ಕಷ್ಟಪಟ್ಟು ಕಲ್ತಾನ, ಪಾಪ" ಎಂದರು. ಬಸ್ಯಾ ಎದ್ದು ಒಳಗೆ ಹೋದ. ಆಲ್ಬಮ್ಮು ಗೋತಾ ಹೊಡೆಯಿತು.

ಅಷ್ಟು ಹೊತ್ತಿಗೆ 'ಜನರಲ್ ಶಿಫ್ಟ್' ಹೊಸ ಹಾಡುಗಾರನನ್ನು ತಂದಿತ್ತು. ಸಪೂರ ಹುಡುಗ, ಚಂದ ಹಾಡುತ್ತಿದ್ದ. ಬಸ್ಯಾ ಮದುವೆ ಆರತಕ್ಷತೆಗಳಲ್ಲಿ ಸಿನೆಮಾ ಹಾಡು ಹಾಡಿಕೊಂಡಿದ್ದ. ನಮ್ಮ ಸ್ಟುಡಿಯೋ ಕೂಡ ಸೊರಗಿತ್ತು. ದೊಡ್ಡ ಹಾಲನ್ನು ಒಡೆದು, ಇಬ್ಬರು ಎದುರುಬದುರು ಕೂತು ಹರಟುವ ಪಾಡ್‌ಕಾಸ್ಟ್ ಗೂಡುಗಳನ್ನು ಮಾಡಿಸಿದ್ದರು ರಾವ್ ಗಾರು. ಹಾಡುವವರನ್ನು ಕಂಡರೆ ಈಗ ಅವರಿಗೇ ಆಶ್ಚರ್ಯ. ನಾನು ನಿವೃತ್ತಿಯ ಹೊಸ್ತಿಲಲ್ಲಿದ್ದೆ. ಆಗ ಬಂದ ಬಸ್ಯಾ. ಹಿಂಬಾಲಕರಿಲ್ಲ, ಕಪ್ಪು ಕನ್ನಡಕವಿಲ್ಲ. ಹೊಟ್ಟೆ ಮಾತ್ರ ಮುಂದೆ ಬಂದಿತ್ತು.

"ಕೊನೀದು, ಅಕ್ಕಾ. ಇದೂ ಹೋತಂದ್ರ ಬಿಟ್ ಬಿಡ್ತೀನಿ."

ಹಾಡಲು ಶುರು ಮಾಡಿದ. ಮೊದಲನೆಯದು ಮುಗಿಯಿತು. ಅದೇ ಹಳೇ ಆರ್ಭಟ. ನನ್ನ ತಲೆಯಲ್ಲಿ ಏನು ಹೊಕ್ಕಿತೋ, ಇನ್ನೇನು ಮನೆಗೆ ಹೋಗುವವಳು, ಯಾರ ಹೆದರಿಕೆ, ಹಾಡುವವರ ಹೆಡ್‌ಫೋನಿಗೆ ಮಾತು ತಲುಪಿಸುವ ಟಾಕ್‌ಬ್ಯಾಕ್ ಗುಂಡಿ ಒತ್ತಿ ಹೇಳಿದೆ.

"ಚಲೋ ಇಲ್ಲೋ ಬಸ್ಯಾ."

ಗಾಜಿನ ಆಚೆ ಅವನು ಹೆಡ್‌ಫೋನ್ ಎತ್ತಿದ. "ಸೌಂಡಾ?"

"ಸೌಂಡ್ ಚಲೋ ಐತಿ. ಹಾಡು ಚಲೋ ಇಲ್ಲ."

"ನೀವು ಹಿಂಗ ಯಾವತ್ತೂ ಅಂದಿಲ್ರಿ."

"ಅನ್ನಾಕ ಬಿಟ್ಟಿರಲಿಲ್ಲ. ಇವತ್ತ ಅಂತೀನಿ. ಚಲೋ ಇಲ್ಲ."

ಇನ್ನೊಂದು ಹಾಡಿದ. ಅದಕ್ಕೂ ಇಲ್ಲ ಎಂದೆ. ಮತ್ತೊಂದಕ್ಕೂ ಎಂದೆ. ಮುಖಕ್ಕೆ ಮಂಗಳಾರತಿ ಎತ್ತುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಮೊದಲೇ ಶುರು ಮಾಡುತ್ತಿದ್ದೆ. ಕೊನೆಗೆ ಅವನು ಹೆಡ್‌ಫೋನ್ ಕಿತ್ತು ಎಸೆದು, ಬಾಗಿಲು ತೆಗೆದು ನನ್ನ ಕೋಣೆಗೇ ನುಗ್ಗಿದ.

"ಮತ್ತ ಹೆಂಗ ಹಾಡ್ಬೇಕ್ರಿ? ನೀವ ಹೇಳ್ರಿ!"

"ನನಗೇನ್ ಗೊತ್ತೋ! ನಾ ಹಾಡ್ತೀನೇನು? ಕೂಡು ಇಲ್ಲೆ. ಹೆಡ್‌ಫೋನ್ ಬ್ಯಾಡ, ಗ್ಲಾಸ್ ಬ್ಯಾಡ. ಮನ್ಯಾಗ ಹಾಡೂದು ಒಂದರೇ ಇದ್ರ ಹಾಡು, ಇಲ್ಲಾಂದ್ರ ಊಟ ಮಾಡೂಣು ನಡಿ."

ಅವನು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಬಹಳ ಹೊತ್ತು ಗಿಟಾರಿನ ತಂತಿ ತಿರುವುತ್ತಿದ್ದ. ನಾನು ಒಂದು ಮೈಕು ಎಳೆದು ಅವನ ಮುಂದಿಟ್ಟೆ. ಆಗ, ದಖ್ಖನಿಯಲ್ಲಿ, ಯಾವ ಅಬ್ಬರವಿಲ್ಲದೆ ಒಂದು ಹಾಡಿದ. ಸಿಟಿ ಬಸ್ಸಿನಲ್ಲಿ ನಿದ್ದೆ ಹೋದವನೊಬ್ಬನನ್ನು ಕಂಡಕ್ಟರ್ ಎಬ್ಬಿಸುವುದಿಲ್ಲ. ಅವನ ಸ್ಟಾಪ್ ಹಿಂದೆ ಹೋಯಿತು. ಬಸ್ಸೆಲ್ಲ ಖಾಲಿಯಾಯಿತು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಅವನ ಹೆಗಲು ಮುಟ್ಟಿ, ನಿನ್ನ ಮುಖ ನೋಡಿ ಎಬ್ಬಿಸಲು ಮನಸ್ಸಾಗಲಿಲ್ಲ ಅನ್ನುತ್ತಾನೆ. ಇಷ್ಟೇ ಹಾಡು. ಹೆಸರು 'ಲಾಸ್ಟ್ ಸ್ಟಾಪ್'. ನಡುವೆ ಒಂದು ರೈಲು ಹೋಯಿತು. ನಾನು ನಿಲ್ಲಿಸಲಿಲ್ಲ.

ಹಾಡು ಮುಗಿಯಿತು. ಕಣ್ಣು ಒರೆಸಿಕೊಂಡೆ. ಇವನು ಗಾಬರಿಯಾಗಿ, "ಇದೂ ಚಲೋ ಇಲ್ಲೇನ್ರಿ?" ಎಂದು ಕೇಳಿದ. ದಡ್ಡ!

ಉಳಿದ ಹಾಡುಗಳನ್ನೂ ಅದೇ ಕುರ್ಚಿಯಲ್ಲಿ ಕೂತು ಹಾಡಿದ. ಆಲ್ಬಮ್ ಇಂಟರ್ನೆಟ್ಟಿಗೆ ಹೋಯಿತು. ಯಾರೂ ಮೂಸಲಿಲ್ಲ. ಬಸ್ಯಾ ಗಿಟಾರಿಗೆ ಬೆಡ್‌ಶೀಟು ಹೊದಿಸಿ ಅಟ್ಟಕ್ಕೆ ಹಾಕಿದ. ನಾನೂ ನಿವೃತ್ತಳಾಗಿ ಹಾರ ಹಾಕಿಸಿಕೊಂಡು ಮನೆ ಸೇರಿದೆ. ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಖಲೀಲ್ ಫೋನ್ ಮಾಡಿದ. ಬಸ್ಯಾನ ಜೊತೆ ಮಾತು ಬಿಟ್ಟವನು, ನನ್ನ ಮೂಲಕ ಹೇಳಿಸಲು ನೋಡಿದ.

"ಅಕ್ಕಾ, ಒಂದು ಲಫಡಾ ಆಗೇತ್ರಿ. ಎಲ್ಲಿ ಹೋದ್ರೂ ಮಂದಿ ನಮಗ 'ಲಾಸ್ಟ್ ಸ್ಟಾಪ್' ಹಾಡ್ರಿ ಅಂತ ಕೂಗಾಕತ್ತಾರ."

"ನಿಮಗ್ಯಾಕ?"

"ಯಾರೋ ಹುಡುಗೂರು ವಿಡಿಯೋಕ್ಕ ಹಾಕ್ಕೊಂಡಾರ. ಅಲ್ಲಿಂದ ಹಬ್ಬೇತಿ. ದನಿ ನಮ್ಮ ಹಳೇ ರೆಕಾರ್ಡಿನ್ದು ಅಲ್ರಿ? ಅದಕ್ಕ ನಮ್ಮ ಬ್ಯಾಂಡಿನ ಹಾಡ ಅಂತ ತಿಳಕೊಂಡಾರ." ಆಮೇಲೆ ದನಿ ತಗ್ಗಿಸಿ, "ಭಾಳ ಚಲೋ ಹಾಡು ಅಕ್ಕಾ. ಹಮ್ನಾ ಹೋನಾ, ನಮಗ ಬೇಕ್ರಿ ಅದು. ಅವನ್ನ ಕೇಳಿ ಕೊಡ್ರಿ" ಎಂದ.

ತಾರ್ನಾಕಕ್ಕೆ ಹೋಗಿ ಹೇಳಿದೆ. ಬಸ್ಯಾನ ಮುಖ ಕೆಂಪಾಯಿತು. "ಆ ಹಳೇ ಹಾಡೆಲ್ಲಾ ನಾನ ಹಾಡಿದ್ದು. ಅವನ್ನ ನನಗ ಹಾಡಾಕ ಬಿಡಲಿಲ್ಲ. ಈಗ ಇದೊಂದ ನಂದು ಅಂತ ಇತ್ತು. ಇದೂ ಬೇಕಂತೇನು ಅವರಿಗೆ? ಆಗಂಗಿಲ್ಲ ಅಂತ ಹೇಳ್ರಿ!" ಎಂದು ಮನೆ ತುಂಬ ಓಡಾಡಿದ. ಬೈದ. ನೀರು ಕುಡಿದ. ಅವನ ಸಂಕಟ ನ್ಯಾಯವಾಗಿಯೇ ಇತ್ತು. ಕೊನೆಗೆ ತಾನೇ ನಿಂತ.

"ಮಂದಿ ಖರೇನ ಕೂಗ್ತಾರಂತೇನ್ರಿ?"

"ಖಲೀಲ್ ಸುಳ್ಳು ಹೇಳೂ ಪೈಕಿ ಅಲ್ಲ, ನಿನಗ ಗೊತ್ತೈತಲ್ಲ."

ಒಂದು ಷರತ್ತು ಹಾಕಿದ: ಹಾಡುವ ಮೊದಲು ಮೈಕಿನಲ್ಲಿ ತನ್ನ ಹೆಸರು ಹೇಳಬೇಕು. ಖಲೀಲ್ ಒಂದೇ ಮಾತಿಗೆ ಒಪ್ಪಿದ.

ತಾರ್ನಾಕದ ಹತ್ತಿರದ ಒಂದು ಕಾಲೇಜು ಮೈದಾನದಲ್ಲಿ, ಇನ್ನೂ ಬಿಸಿಲಿರುವಾಗಲೇ ಕಾರ್ಯಕ್ರಮ. ನಾನೂ ಬಸ್ಯಾನೂ ಹುಡುಗರ ನಡುವೆ ತೂರಿಕೊಂಡು ನಿಂತೆವು. ಯಾರೂ ಅವನ ಗುರುತು ಹಿಡಿಯಲಿಲ್ಲ. ಹಿಡಿಯಲು ಹೊಟ್ಟೆ ಅಡ್ಡವಿತ್ತು. ಸಪೂರ ಹುಡುಗ ಮೈಕಿಗೆ ಬಂದು, "ಈ ಮುಂದಿನ ಹಾಡು" ಎಂದದ್ದೇ ತಡ, ಖಲೀಲ್ ಮೊದಲ ಸ್ವರ ಮುಟ್ಟಿಬಿಟ್ಟ. ಇಡೀ ಮೈದಾನ ಹೋ ಎಂದು ಎದ್ದಿತು. ಆ ಗದ್ದಲದಲ್ಲಿ ಹುಡುಗನ ತುಟಿ ಅಲ್ಲಾಡಿದ್ದು ಕಾಣಿಸಿತು. ಬಸ್ಯಾನ ಹೆಸರು ಹೇಳಿದನೆಂದೇ ನಾನು ನಂಬಿದ್ದೇನೆ. ಕೇಳಿಸಿದ್ದು ಮಾತ್ರ ಯಾರಿಗೂ ಇಲ್ಲ.

ಬಸ್ಯಾನ ಕಡೆ ನೋಡಿದೆ. ಅವನು ಅದನ್ನು ಗಮನಿಸಿರಲೇ ಇಲ್ಲ. ಸುತ್ತಲೂ ಹುಡುಗ ಹುಡುಗಿಯರು ಕಣ್ಣು ಮುಚ್ಚಿ, ಪದಕ್ಕೆ ಪದ, ಅವನು ಅಡಿಗೆಮನೆಯಲ್ಲಿ ಕೂತು ಬರೆದ ಸಾಲುಗಳನ್ನು ಹಾಡುತ್ತಿದ್ದರು. ಅವನೂ ಬಾಯಿ ತೆಗೆದ. ಮೈಕಿಲ್ಲದೆ, ಆ ದೊಡ್ಡ ಗಂಟಲಿನಲ್ಲಿ, ಜೋರಾಗಿ. ಮುಂದೆ ನಿಂತಿದ್ದ ಹುಡುಗಿ ತಿರುಗಿ ಹುಬ್ಬು ಗಂಟಿಕ್ಕಿದಳು.

"ಅಂಕಲ್, ಥೋಡಾ ಚುಪ್ ರಹೋ ನಾ. ಗಾನಾ ಸುನ್ನೇ ದೋ."

ನನಗೆ ಸಿಟ್ಟು ನೆತ್ತಿಗೇರಿತು. ಏ ಹುಡುಗಿ, ಇವನು ಯಾರು ಗೊತ್ತೇನೇ ಎಂದು ಬಾಯಿ ತೆಗೆದೆ. ಬಸ್ಯಾ ನನ್ನ ಕೈ ಹಿಡಿದ. "ಬ್ಯಾಡ್ರಿ ಅಕ್ಕಾ. ಕೇಳ್ಲಿ" ಎಂದ. ಬಾಯಿ ಮುಚ್ಚಿಕೊಂಡು, ಕೊನೆಯ ಸ್ವರದವರೆಗೂ ಅಲುಗಾಡದೆ ನಿಂತು ಕೇಳಿದ. ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹಾಡು ಮುಗಿಯಿತು. ಹಿಂದಿನ ಸಾಲಿನಲ್ಲೆಲ್ಲೋ ಒಬ್ಬ "ಒನ್ಸ್ ಮೋರ್" ಎಂದು ಕೂಗಿದ. ಆಮೇಲೆ ಇನ್ನೊಬ್ಬ. ನೋಡನೋಡುತ್ತ ಮೈದಾನವೇ ಕೂಗತೊಡಗಿತು. ಮುಂದಿದ್ದ ಹುಡುಗಿ ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಬಸ್ಯಾ ನನ್ನ ಕೈ ಬಿಟ್ಟ. ಬಾಯಿಗೆ ಅಂಗೈ ಒಡ್ಡಿದ. ಆ ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ "ಒನ್ಸ್ ಮೋರ್" ಎಂದು ಕೂಗಿದವನು ಅವನೇ.